ಡ್ರೈವರ್ ಸಹಿತ

ರಾಯಚೂರಿನ ಹತ್ತಿ ಮಾರ್ಕೆಟ್ ದಾಟಿದರೆ
ನಾನು ಕೂರುವ ತೂಕದ ಮನೆ.
ಮೊದಲು ತುಂಬಿದ ಲಾರಿ, ಆಮೇಲೆ ಖಾಲಿ ಲಾರಿ.
ಅದರಲ್ಲಿ ಇದನ್ನು ಕಳೆದರೆ ಉಳಿಯುವುದು ಹತ್ತಿ.
ಚೀಟಿಯ ತಳಕ್ಕೆ ಒಂದು ಖಾನೆ:
ಡ್ರೈವರ್ ಸಹಿತವೋ, ರಹಿತವೋ.
ಹತ್ತು ಕಿಲೋಗಿಂತ ಕಡಿಮೆಯದನ್ನು ಈ ಯಂತ್ರ ಕೇಳಿಸಿಕೊಳ್ಳುವುದಿಲ್ಲ.
ಎಳೆಗೂಸು ಅದರ ಮೇಲೆ ಮಲಗಿದರೂ ಸೊನ್ನೆ.

ಅಪ್ಪ ಮಾನ್ವಿಯ ಕಡೆ ಕಾಲುವೆಯ ಗ್ಯಾಂಗ್‌ಮನ್.
ಪಾಳಿ ಮುಗಿದ ರಾತ್ರಿ ನಾಲ್ಕು ಜನ ಬಂದು
"ಇನ್ನೊಂದು ತಾಸು ಬಿಡೋ ದಾನಿಯೇಲಾ" ಅಂದರು.
ಬಿಡಲಿಲ್ಲ.
ಕೆಳಗಿನ ಹೊಲದಾಗೂ ಭತ್ತನ ಐತಿ, ಅಂದನಂತೆ.
ಬೆಳಿಗ್ಗೆ ತೂಬಿನ ಬಾಯಿಗೆ ಅಡ್ಡ ಸಿಕ್ಕಿದ್ದು ಅವನೇ.
ನೀರು ಅವನ ಎರಡೂ ಬದಿಗೆ ಸೀಳಿಕೊಂಡು
ಯಾರ ಹೊಲ ಅಂತ ನೋಡದೆ ಹೋಗುತ್ತಿತ್ತು.
ಏಳು ಏಟು ಅಂತ ಡಾಕ್ಟರು ಬರೆದರು,
ಏಳೂ ಒಂದೇ ಕೊಡಲಿಯವು.
ಪೆಟ್ಟಿಗೆ ಹೊತ್ತವರು ಹೆಗಲು ಬದಲಿಸುತ್ತ
"ನೀರು ಕುಡದಾನ, ಭಾರ ಆಗ್ಯಾನ" ಅಂದರು.

ಮೂರನೆಯ ದಿನ ಚರ್ಚಿನಲ್ಲಿ
ಹೆಂಗಸರ ಚಾಪೆಯಿಂದ ಅವ್ವ ಎದ್ದಳು.
ಸೆರಗು ತಲೆಗೆ ಎಳೆದುಕೊಂಡು
"ಬಿಟ್ಟೀನಿ" ಅಂದಳು. ಅಷ್ಟೇ, ಕೂತಳು.
ಪಾಸ್ಟರ್ ಅತ್ತರು. ಸ್ತೋತ್ರಮ್ಮನ ಮನಸ್ಸು ದೊಡ್ಡದು ಅಂತ
ಎಲ್ಲರೂ ಚಹಾ ಕುಡಿದರು.
ನನಗಾಗ ಹದಿನಾಲ್ಕು.
ಅವಳ ಮೊಳಕೈ ಕಚ್ಚಬೇಕು ಅನ್ನಿಸಿತು.
ತನ್ನದಲ್ಲದ ನೀರನ್ನು ಅಪ್ಪ ಬಿಡಲಿಲ್ಲ.
ನಿನ್ನೊಬ್ಬಳದೇ ಅಲ್ಲದ ಅಪ್ಪನನ್ನು
ನೀನು ಹೇಗೆ ಬಿಟ್ಟೆ?

ಬಿಟ್ಟೀನಿ ಅಂದವಳು ಅವತ್ತಿನಿಂದ
ಆ ಕಾಲುವೆಯ ನೀರು ಬಾಯಿಗೆ ಮುಟ್ಟಿಸಿಲ್ಲ.
ದೂರದ ಬೋರಿನ ಸವಳು ನೀರು ಹೊತ್ತು ತರುತ್ತಾಳೆ;
ಬೇಳೆ ಬೇಯುವುದಿಲ್ಲ, ಚಹಾ ಒಡೆಯುತ್ತದೆ.
ನಡುರಾತ್ರಿ ಎದ್ದು ಕೂತು
ಆ ನಾಲ್ಕು ಹೆಸರನ್ನು, ತಂಗಿಯ ಮಕ್ಕಳೇನೋ ಎಂಬಂತೆ,
ಒಂದೊಂದಾಗಿ ದೇವರಿಗೆ ಒಪ್ಪಿಸುತ್ತಾಳೆ.
ಮೂರು ಸರಾಗ.
ನಾಲ್ಕನೆಯದರ ಹತ್ತಿರ ಕೆಮ್ಮು ಬರುತ್ತದೆ.
ಒಮ್ಮೆ ಕೇಳಿದೆ: ಅವತ್ತೇ ಬಿಟ್ಟೆಯಲ್ಲ, ದಿನಾ ಏನಿದು?
"ನಿನ್ನಿ ರೊಟ್ಟಿ ಬಡದೀನಂತ
ಇವತ್ತು ಹಸಿವಿ ಬಿಡತೈತೇನು?"

ಹದಿನೈದು ವರ್ಷ. ಒಂದು ಮಂಗಳವಾರ.
ದೇವದುರ್ಗದ ಹತ್ತಿ ಇಳಿಸಿ ಬಂದ ಖಾಲಿ ಲಾರಿ.
ಪರದೆಯ ಮೇಲೆ ಒಂಬತ್ತು ಸಾವಿರದ ಎಂಟುನೂರಾ ನಲವತ್ತು.
ಒತ್ತುವ ಮೊದಲೇ ಡ್ರೈವರ್ ಇಳಿದ.
ಒಂಬತ್ತು ಸಾವಿರದ ಏಳುನೂರಾ ಎಂಬತ್ತು.
ಕಿಟಕಿಗೆ ಬಂದು ಹೆಸರು ಹೇಳಿದ: ಹುಲಿಗೆಪ್ಪ.
ಊರನ್ನೂ ಹೇಳಿದ.

ಅರವತ್ತು ಕಿಲೋ.
ನಾನು ಗುಡ್ಡ ಅಂದುಕೊಂಡಿದ್ದೆ.
ಮುಂದಿನ ಎರಡು ಹಲ್ಲಿಲ್ಲ,
ಮುಂಗೈ ಮೇಲೆ ಯಾವುದೋ ಹುಡುಗಿಯ ಹೆಸರಿನ ಹಚ್ಚೆ,
ಮಗಳದೇ ಇರಬೇಕು, ಹೊಸದು.
ಚಿಲ್ಲರೆ ಎಣಿಸುವಾಗ ತುಟಿ ಅಲ್ಲಾಡಿಸುತ್ತಾನೆ.

ತುಂಬಿದ ತೂಕಕ್ಕೆ ಅವನು ಒಳಗೆ ಕೂತಿದ್ದ.
ಈಗ ಅವನಿಲ್ಲದ ತೂಕ ಒತ್ತಿದರೆ
ಅರವತ್ತು ಕಿಲೋ ಹತ್ತಿ ಗಾಳಿಯಲ್ಲಿ ಹುಟ್ಟುತ್ತದೆ.
ಮಿಲ್ಲಿನವರು ಕೊರಳಪಟ್ಟಿಗೆ ಕೈ ಹಾಕುವುದು ಇವನದಕ್ಕೇ.
ಜೈಲಿಗೆ ಹೋಗಿ ಬಂದವನ ಮಾತು ಯಾರು ಕೇಳುತ್ತಾರೆ.
ಬೆರಳು ಗುಂಡಿಯ ಮೇಲೇ ಇತ್ತು.
ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ,
ಹಿಂದಿನ ಲಾರಿ ಎರಡು ಸಲ ಹಾರ್ನ್ ಹೊಡೆಯಿತು.

"ಹೋಗಿ ಒಳಗ ಕೂಡ್ರಿ" ಅಂದೆ.
"ನಿಮ್ಮನ್ನೂ ಹಿಡೀಬೇಕು."
ಅವನು ಹತ್ತಿದ. ಅಂಕಿ ಏರಿತು.
ಸಹಿತ, ಅಂತ ಒತ್ತಿದೆ.

ಚೀಟಿ ಇಸಿದುಕೊಂಡು ಕೇಳಿದ,
"ಕುಡಿಯಾಕ ನೀರು ಅದಾವೇನ್ರಿ ಅಕ್ಕಾರ?"
ಅವ್ವ ತುಂಬಿಕೊಟ್ಟ ಬಾಟಲಿ ಒಂದೇ ಇತ್ತು.
ಮುಖ ಕಿವುಚಿದ. "ಸವಳು ಅದಾವಲ್ರೀ."
ಹೌದು ಅಂದೆ.
ಅಷ್ಟನ್ನೂ ಕುಡಿದ.

ರಾತ್ರಿ ಅವ್ವ ಎದ್ದು ಕೂತಳು. ಮೂರು ಹೆಸರು, ಆಮೇಲೆ ಕೆಮ್ಮು.
ಕತ್ತಲಲ್ಲೇ ಚೊಂಬು ಅವಳತ್ತ ಸರಿಸಿದೆ.
ಹೆಸರು ಎತ್ತಿಕೊಡುವುದು
ನನಗಿನ್ನೂ ಬಂದಿಲ್ಲ.